ಗ್ರಂಥಾಲಯದ ಸಾರ್ವಜನಿಕ ದಿನವೂ ಸ್ಥಳೀಯ ಇತಿಹಾಸದ ಆಕರಗಳೂ

ಸಾರ್ವಜನಿಕ ಗ್ರಂಥಾಲಯವೆಂದರೆ ಗ್ರಂಥಗಳ ಸಂಗ್ರಹವೆಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. 1968ರಿಂದ ನವೆಂಬರ್ 14ರಿಂದ 20ರವರೆಗೆ ಆಚರಿಸಲಾಗುತ್ತಿರುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಓದುಗರಲ್ಲದವರೂ ಅಲ್ಲಿ ಕಾಲಿಡುತ್ತಾರೆ. ಪುಸ್ತಕ ಪ್ರದರ್ಶನ, ಉಪನ್ಯಾಸ, ಮಕ್ಕಳ ಸ್ಪರ್ಧೆಗಳು ಜರುಗುತ್ತವೆ. ಇಂಥ ದಿನವನ್ನು ಕೇವಲ ಸಮಾರಂಭವೆಂದು ಎಣಿಸುವುದು ಯುಕ್ತವಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮಟ್ಟಿಗಾದರೂ ಅದು ಇತಿಹಾಸದ ಆಕರಗಳನ್ನು ಉಳಿಸುವ ಸಾಧನವಾಗಬಲ್ಲದೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ.

ಒಬ್ಬನು ಓದಿ ಹಲವರು ಕೇಳುವ ಪದ್ಧತಿ ಈ ನಾಡಿಗೆ ಹೊಸತಲ್ಲ. ಮಠಗಳಲ್ಲಿ ಪುರಾಣ ಪ್ರವಚನ ನಡೆದಾಗ ಅಕ್ಷರವರಿಯದವರೂ ಗ್ರಂಥದ ಪಾಲುಗಾರರಾಗುತ್ತಿದ್ದರು. 1910ರಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರು ಆರಂಭಿಸಿದ ಗ್ರಂಥಾಲಯ ವ್ಯವಸ್ಥೆಯೂ ಸಂಚಾರಿ ಪುಸ್ತಕ ಪೆಟ್ಟಿಗೆಗಳ ಜೊತೆಗೆ ನಿರಕ್ಷರರಿಗಾಗಿ ಚಿತ್ರಪ್ರದರ್ಶನಗಳನ್ನು ಏರ್ಪಡಿಸಿತ್ತು. ಮುಂಬಯಿ ಸರಕಾರವು 1939ರಲ್ಲಿ ನೇಮಿಸಿದ ಫೈಜೀ ಸಮಿತಿಯು ರಾಜಧಾನಿಯಿಂದ ಹಳ್ಳಿಯವರೆಗೆ ಗ್ರಂಥಾಲಯಗಳ ಶ್ರೇಣಿಯನ್ನು ಸೂಚಿಸಿತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ, 1965ರ ಮೈಸೂರು ರಾಜ್ಯದ ಕಾಯಿದೆಯು ಗ್ರಂಥಾಲಯ ಕರವನ್ನು ವಿಧಿಸಿ ಈ ಕಾರ್ಯಕ್ಕೆ ಸ್ಥಿರವಾದ ಆದಾಯವನ್ನು ಒದಗಿಸಿತು. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗವಾದವು. ಹೀಗೆ ಆಡಳಿತದ ಚೌಕಟ್ಟು ಸಿದ್ಧವಾಗಿದೆ. ಅದರೊಳಗೆ ಏನು ನಡೆಯಬೇಕೆಂಬುದೇ ಪ್ರಶ್ನೆ.

ಈ ನಾಲ್ಕು ಊರುಗಳ ಪೂರ್ವಚರಿತ್ರೆ ಒಂದೇ ಬಗೆಯದಲ್ಲ. ಬೈಲಹೊಂಗಲವು ಸಂಪಗಾವಿ ತಾಲೂಕಿನ, ಸವದತ್ತಿಯು ಪರಸಗಡ ತಾಲೂಕಿನ ಮುಖ್ಯಸ್ಥಳಗಳಾಗಿ ಮುಂಬಯಿ ಪ್ರಾಂತದಲ್ಲಿದ್ದವು. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. 1824ರ ಅಕ್ಟೋಬರ್ 23ರ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಹತನಾದನು. ಬೈಲಹೊಂಗಲದ ಸೆರೆಯಲ್ಲಿ ರಾಣಿ ಚೆನ್ನಮ್ಮ 1829ರಲ್ಲಿ ಅಸುನೀಗಿದಳು. ಈ ಘಟನೆಗಳ ಸರಕಾರಿ ಪತ್ರವ್ಯವಹಾರ ಮುಂಬಯಿ, ಪುಣೆ, ಲಂಡನ್ನಿನ ದಫ್ತರಗಳನ್ನು ಸೇರಿತು. ಜನರ ಬಳಿ ಉಳಿದುದು ಲಾವಣಿ, ಐತಿಹ್ಯ, ಮನೆತನದ ಕಾಗದಪತ್ರಗಳು. ಅವುಗಳಲ್ಲಿ ಅನೇಕವು ಮೋಡಿ ಲಿಪಿಯಲ್ಲಿವೆ. ಅಜ್ಜನ ಪೆಟ್ಟಿಗೆಯಲ್ಲಿರುವ ಕಾಗದವನ್ನು ಮೊಮ್ಮಗ ಓದಲಾರ. ಓದಲಾರದ ಕಾಗದ ಬಹುಕಾಲ ಮನೆಯಲ್ಲಿ ಉಳಿಯದು.

ಮನುಷ್ಯನ ನೆನಪು ಕಾಗದಕ್ಕಿಂತಲೂ ಅಲ್ಪಾಯುವಾದುದು. 1939ರ ಏಪ್ರಿಲ್ 7ರ ರಾಮದುರ್ಗದ ದಂಗೆಯ ವೇಳೆಗೆ ಹದಿನೈದು ವರ್ಷದವನಾಗಿದ್ದವನು ಇಂದು ಬದುಕಿದ್ದರೆ ನೂರು ದಾಟಿರಬೇಕು. ಆ ಅವಕಾಶ ಬಹುಮಟ್ಟಿಗೆ ಕೈತಪ್ಪಿಹೋಗಿದೆ. ಆದರೆ ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿಗೆ ಹೊಲ, ಮನೆ, ಗುಡಿಗಳನ್ನು ಬಿಟ್ಟುಕೊಟ್ಟು ಬಂದವರಲ್ಲಿ ಅಂದು ಇಪ್ಪತ್ತರ ಪ್ರಾಯದವರಾಗಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ಪರಿಹಾರದ ಮೊತ್ತವನ್ನು ಸರಕಾರಿ ಕಡತ ಹೇಳೀತು. ಮುಳುಗಿದ ಊರಿನ ಓಣಿಗಳ ಹೆಸರನ್ನೂ, ಯಾವ ಹೊಲಕ್ಕೆ ಯಾವ ಹೆಸರಿತ್ತೆಂಬುದನ್ನೂ ಅವರೇ ಹೇಳಬೇಕು.

ಆದುದರಿಂದ ಗ್ರಂಥಾಲಯದ ಸಾರ್ವಜನಿಕ ದಿನದಲ್ಲಿ ಉಪನ್ಯಾಸಕ್ಕಿರುವಷ್ಟೇ ಸ್ಥಾನ ಶ್ರವಣಕ್ಕೂ ಇರಬೇಕು. ಪೂರ್ವಾಹ್ನದಲ್ಲಿ ಮೋಡಿ ಬಲ್ಲವರೊಬ್ಬರು ಕುಳಿತು, ಜನರು ತಂದ ಕಾಗದಗಳನ್ನು ಓದಿ ಹೇಳಲಿ. ಒಡೆಯರ ಒಪ್ಪಿಗೆಯಿದ್ದಲ್ಲಿ ಛಾಯಾಪ್ರತಿ ತೆಗೆದು ಮೂಲವನ್ನು ಅಂದೇ ಹಿಂತಿರುಗಿಸಲಿ. ಅಪರಾಹ್ನದಲ್ಲಿ ಹಿರಿಯರ ಮಾತನ್ನು ಧ್ವನಿಮುದ್ರಿಸಿ, ಹೇಳಿದವರ ಹೆಸರು, ವಯಸ್ಸು, ಊರು, ದಿನಾಂಕಗಳನ್ನು ದಾಖಲಿಸಲಿ. ನೆನಪು ತಪ್ಪಬಹುದೆಂಬ ಆಕ್ಷೇಪ ಸಹಜವೇ. ಆದರೆ ಅಧಿಕಾರಿಯ ವರದಿಯೂ ಪರೀಕ್ಷೆಗೆ ಹೊರತಲ್ಲ; ಎರಡನ್ನೂ ತಾಳೆ ನೋಡುವುದು ಇತಿಹಾಸಕಾರನ ಕರ್ತವ್ಯ. ತಾಳೆ ನೋಡಲು ಎರಡೂ ಉಳಿದಿರಬೇಕಷ್ಟೆ.

ಇದಕ್ಕೆ ದೊಡ್ಡ ವೆಚ್ಚ ಬೇಡ; ಒಂದು ಮೇಜು, ಒಂದು ದಾಖಲೆ ಪುಸ್ತಕ, ತಾಳ್ಮೆಯುಳ್ಳ ಇಬ್ಬರು ವಿದ್ಯಾರ್ಥಿಗಳು ಸಾಕು. ಸಮೀಪದ ಕಾಲೇಜುಗಳ ಇತಿಹಾಸ ವಿಭಾಗಗಳು ಈ ಕೆಲಸವನ್ನು ಹಂಚಿಕೊಳ್ಳಬಹುದು. ಊರಿನವರು ತಂದುಕೊಟ್ಟುದನ್ನು ಊರಿನಲ್ಲಿಯೇ ಓದಲು ದೊರೆಯುವಂತೆ ಮಾಡಿದ ಗ್ರಂಥಾಲಯವು ನಿಜವಾದ ಅರ್ಥದಲ್ಲಿ ಸಾರ್ವಜನಿಕವೆನಿಸುವುದು.