ಧ್ವನಿ ಹಿಮ್ಮಾಹಿತಿ

ಸ್ವರೂಪ

ವಿದ್ಯಾರ್ಥಿಯ ಪ್ರಬಂಧವನ್ನೋ ಪ್ರಯೋಗದ ವರದಿಯನ್ನೋ ಓದಿದ ಅಧ್ಯಾಪಕರು ಅಂಚಿನಲ್ಲಿ ಷರಾ ಬರೆಯುವ ಬದಲು ತಮ್ಮ ಅಭಿಪ್ರಾಯವನ್ನು ಧ್ವನಿಮುದ್ರಿಸಿ ಕಳುಹಿಸುವ ಕ್ರಮವೇ ಧ್ವನಿ ಹಿಮ್ಮಾಹಿತಿ. ಅಂಕ ಏಕೆ ಕಡಿಮೆಯಾಯಿತು, ಮುಂದಿನ ಬಾರಿ ಏನನ್ನು ತಿದ್ದಿಕೊಳ್ಳಬೇಕು ಎಂಬ ವಿವರಣೆಯೇ ಇದರ ತಿರುಳು.

ಬ್ರಿಟನ್ನಿನ ಲೀಡ್ಸ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಆರಂಭವಾದ ‘ಸೌಂಡ್ಸ್ ಗುಡ್’ ಯೋಜನೆ ಈ ಕ್ರಮವನ್ನು ಹಲವು ವಿಷಯಗಳ ತರಗತಿಗಳಲ್ಲಿ ಪ್ರಯೋಗಿಸಿ ನೋಡಿತು. ಹೆಚ್ಚಿನ ವಿದ್ಯಾರ್ಥಿಗಳು ಅದನ್ನು ಮೆಚ್ಚಿದರು. ಅಧ್ಯಾಪಕರ ಸಮಯ ಮಾತ್ರ ಎಲ್ಲ ಸಂದರ್ಭಗಳಲ್ಲೂ ಉಳಿಯಲಿಲ್ಲ. ನಿಧಾನವಾಗಿ ಬರೆಯುವವರಿಗೆ, ವಿಸ್ತಾರವಾದ ವಿವರಣೆ ಕೊಡಬೇಕಾದವರಿಗೆ ಲಾಭ ಹೆಚ್ಚು.

ಕಾರ್ಯವಿಧಾನ

ಉತ್ತರಪತ್ರಿಕೆಯನ್ನು ಓದುವಾಗಲೇ ಹೇಳಬೇಕಾದ ಸ್ಥಳಗಳಿಗೆ ಪೆನ್ಸಿಲಿನಿಂದ 1, 2, 3 ಎಂದು ಗುರುತು ಹಾಕಲಾಗುತ್ತದೆ. ಅನಂತರ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಮುದ್ರಣ ಆರಂಭವಾಗುತ್ತದೆ. “ಎರಡನೆಯ ಗುರುತಿನ ಹತ್ತಿರ ನೋಡಮ್ಮ. ಕೆರೆ ಬತ್ತಿತು ಎಂದು ಬರೆದಿದ್ದೀಯ, ಸರಿ. ಏಕೆ ಬತ್ತಿತು ಎಂಬುದು ಮುಂದೆಲ್ಲೂ ಬಂದಿಲ್ಲ.” ಅಂಚಿನಲ್ಲಿ ‘ಕಾರಣ?’ ಎಂಬ ಒಂದೇ ಪದವಾಗಿ ಉಳಿಯುತ್ತಿದ್ದ ಷರಾ ಇಲ್ಲಿ ಪೂರ್ಣ ವಿವರಣೆಯಾಗುತ್ತದೆ. ಅದು ಗದರಿಕೆಯಲ್ಲ ಎಂಬುದೂ ದನಿಯಿಂದಲೇ ತಿಳಿಯುತ್ತದೆ. ಈ ಕ್ರಮದ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಮಾತನ್ನು ಮೊದಲೇ ಬರೆದಿಟ್ಟು ಓದಿದರೆ ಕೆಲಸ ಎರಡು ಪಟ್ಟಾಗುತ್ತದೆ, ಸಹಜತೆಯೂ ಹೋಗುತ್ತದೆ. ಮೂರು-ನಾಲ್ಕು ನಿಮಿಷ ಸಾಕು. ಸೆಕೆಂಡಿಗೆ 64 ಕಿಲೊಬಿಟ್ ವೇಗದ ಎಂಪಿ3 ಕಡತದಲ್ಲಿ ನಾಲ್ಕು ನಿಮಿಷದ ಮಾತು ಸುಮಾರು 2 ಎಂಬಿ ಜಾಗವನ್ನಷ್ಟೇ ಹಿಡಿಯುತ್ತದೆ. ಕಡತಕ್ಕೆ ವಿದ್ಯಾರ್ಥಿಯ ಕ್ರಮಾಂಕವನ್ನೇ ಹೆಸರಾಗಿ ಕೊಟ್ಟರೆ ಒಬ್ಬರ ಹಿಮ್ಮಾಹಿತಿ ಇನ್ನೊಬ್ಬರ ಕೈಸೇರುವ ಅಪಾಯ ತಗ್ಗುತ್ತದೆ.

ಬಳಕೆ

ದೂರಶಿಕ್ಷಣಕ್ಕೆ ಇದು ಸಹಜವಾಗಿ ಒಗ್ಗುತ್ತದೆ. ಮೂಡಲ್‌ನಂಥ ಕಲಿಕಾ ತಂತ್ರಾಂಶಗಳಲ್ಲಿ ಧ್ವನಿಮುದ್ರಣದ ಸೌಲಭ್ಯವಿದೆ. 2013ರಲ್ಲಿ ವಾಟ್ಸ್ಆ್ಯಪ್‌ಗೆ ಧ್ವನಿಸಂದೇಶ ಸೇರಿದ ಮೇಲೆ ಬೇರೆ ಉಪಕರಣದ ಅಗತ್ಯವೂ ಇಲ್ಲವಾಯಿತು. ಭಾಷಾಬೋಧನೆಯಲ್ಲಂತೂ ಇದಕ್ಕೆ ಸಾಟಿ ಕಡಿಮೆ. ಹೊಸದಾಗಿ ಕನ್ನಡ ಕಲಿಯುವವರು ‘ಹಳ್ಳಿ’ಯನ್ನು ‘ಹಲ್ಲಿ’ ಎಂದಾಗ, ಳಕಾರದಲ್ಲಿ ನಾಲಿಗೆ ಹಿಂದಕ್ಕೆ ಮಡಿಯಬೇಕೆಂದು ಬರೆದು ತಿಳಿಸುವುದಕ್ಕಿಂತ ಎರಡನ್ನೂ ಉಚ್ಚರಿಸಿ ಕೇಳಿಸುವುದು ಸುಲಭ.

ಮಿತಿಗಳು

ಬರಹದ ಮೇಲೆ ಕಣ್ಣಾಡಿಸುವಂತೆ ಧ್ವನಿಯಲ್ಲಿ ಬೇಕಾದ ಅಂಶವನ್ನು ಥಟ್ಟನೆ ಹುಡುಕಲಾಗದು. ಶ್ರವಣದೋಷವುಳ್ಳ ವಿದ್ಯಾರ್ಥಿಗಳಿಗೆ ಲಿಖಿತ ರೂಪ ಕೊಡಲೇಬೇಕು. ಕಾಗುಣಿತದ ತಪ್ಪು, ಲೆಕ್ಕದ ಹಂತದ ದೋಷ ಮುಂತಾದವುಗಳನ್ನು ಕಾಗದದ ಮೇಲೆಯೇ ತಿದ್ದಿ, ವಾದದ ಜೋಡಣೆ, ವಿಷಯದ ವಿಸ್ತಾರಗಳನ್ನು ಕುರಿತ ಮಾತನ್ನು ಧ್ವನಿಗೆ ಬಿಡುವುದು ಅನುಕೂಲ.