ಮುಕುಂದ ಮುರಾರಿ

ಮುಕುಂದ ಮುರಾರಿ 2016ರ ಅಕ್ಟೋಬರ್ 28ರಂದು ತೆರೆಕಂಡ ಕನ್ನಡದ ವಿಡಂಬನಾತ್ಮಕ ಹಾಸ್ಯ ಚಲನಚಿತ್ರ. ನಂದಕಿಶೋರ್ ನಿರ್ದೇಶಿಸಿದ ಈ ಚಿತ್ರದ ಮುಖ್ಯ ಪಾತ್ರಗಳಲ್ಲಿ ಉಪೇಂದ್ರ ಮತ್ತು ಸುದೀಪ್ ನಟಿಸಿದ್ದಾರೆ. ಸಂಗೀತ ಅರ್ಜುನ್ ಜನ್ಯ ಅವರದು. ಇದು ಹಿಂದಿಯ ‘ಓ ಮೈ ಗಾಡ್’ (2012) ಚಿತ್ರದ ರೀಮೇಕ್. ಆ ಚಿತ್ರಕ್ಕೆ ‘ಕಾಂಜಿ ವಿರುದ್ಧ್ ಕಾಂಜಿ’ ಎಂಬ ಗುಜರಾತಿ ನಾಟಕ ಆಧಾರವಾಗಿತ್ತು.

ಕಥಾವಸ್ತು

ದೇವರ ವಿಗ್ರಹಗಳನ್ನು ಮಾರಿ ಜೀವನ ಸಾಗಿಸುವ ಮುಕುಂದ (ಉಪೇಂದ್ರ) ಸ್ವತಃ ನಾಸ್ತಿಕ. ಪ್ರಕೃತಿ ವಿಕೋಪದಲ್ಲಿ ಅವನ ಅಂಗಡಿ ನಾಶವಾಗುತ್ತದೆ. ಅದು ದೈವಕೃತ್ಯವೆಂಬ ಕಾರಣ ನೀಡಿ ವಿಮಾ ಸಂಸ್ಥೆಯು ಪರಿಹಾರವನ್ನು ನಿರಾಕರಿಸಿದಾಗ ಅವನು ದೇವರ ಮೇಲೆಯೇ ದಾವೆ ಹೂಡುತ್ತಾನೆ. ದೇವರ ಪ್ರತಿನಿಧಿಗಳೆಂದು ಹೇಳಿಕೊಳ್ಳುವ ಧರ್ಮಗುರುಗಳು ನ್ಯಾಯಾಲಯದಲ್ಲಿ ಉತ್ತರಿಸಬೇಕಾಗುತ್ತದೆ. ಮುಕುಂದನಿಗೆ ನೆರವಾಗಲು ಬರುವ ಮುರಾರಿ (ಸುದೀಪ್) ಸಾಕ್ಷಾತ್ ಕೃಷ್ಣನೆಂಬುದು ಅವನಿಗೆ ಬಹುಕಾಲ ತಿಳಿಯುವುದಿಲ್ಲ. ಮುಂದೆ ಅವನು ಅಸ್ವಸ್ಥನಾಗಿ ಮಲಗಿದಾಗ, ಎದುರಾಳಿಗಳು ಅವನನ್ನೇ ಅವತಾರಪುರುಷನೆಂದು ಸಾರಿ ಪೂಜೆಗೆ ತೊಡಗುತ್ತಾರೆ.

ವಿಡಂಬನೆಯ ಸ್ವರೂಪ

ಎದುರಿಗೆ ನಿಂತ ದೇವರನ್ನು ಮನುಷ್ಯನೆಂದು ಬಗೆಯುವುದು, ದೇವರನ್ನು ಅಲ್ಲಗಳೆದ ಮನುಷ್ಯನನ್ನು ದೇವರಾಗಿಸುವುದು, ಗುರುತಿನ ಈ ಎರಡು ತಪ್ಪುಗಳೇ ಚಿತ್ರದ ತಿರುಳು. ಎರಡನೆಯದೇ ಹೆಚ್ಚು ಹರಿತವಾದುದು: ವಿರೋಧಿಯ ಬಾಯಿ ಮುಚ್ಚಿಸಲು ಅವನನ್ನು ಪೀಠಕ್ಕೇರಿಸಿದರೆ ಸಾಕು. ಕೃಷ್ಣನೇ ಪಾತ್ರವಾಗಿರುವ ಕಥೆಯಲ್ಲಿ ನಾಸ್ತಿಕವಾದ ಪೂರ್ತಿ ಗೆಲ್ಲುವಂತಿಲ್ಲ. ಆ ಮಟ್ಟಿಗೆ ಚಿತ್ರ ಜಾಣತನದಿಂದ ನುಣುಚಿಕೊಳ್ಳುತ್ತದೆ ಎನ್ನಬಹುದು. ಅದರ ಟೀಕೆಯೆಲ್ಲ ದೇವರಿಗೂ ಭಕ್ತರಿಗೂ ನಡುವೆ ನಿಂತ ದಲ್ಲಾಳಿಗಳ ಕುರಿತಾದದ್ದು. ಕನ್ನಡಕ್ಕೆ ಈ ಜಗಳ ಹಳೆಯದು, 12ನೆಯ ಶತಮಾನದ ವಚನಕಾರರಷ್ಟು ಹಳೆಯದು.

ಇದೇ ಕಥೆ ತೆಲುಗಿನಲ್ಲಿ ‘ಗೋಪಾಲ ಗೋಪಾಲ’ (2015) ಎಂಬ ಹೆಸರಿನಲ್ಲಿ ಬಂದಿತ್ತು. ಅದರಲ್ಲಿ ವೆಂಕಟೇಶ್ ಮತ್ತು ಪವನ್ ಕಲ್ಯಾಣ್ ನಟಿಸಿದ್ದರು.