ಫನೆಲ್‌ವೆಬ್ ಜೇಡದ ಕಡಿತ: ಪ್ರಥಮ ಚಿಕಿತ್ಸೆ

ಸಿಡ್ನಿ ಫನೆಲ್‌ವೆಬ್ ಆಸ್ಟ್ರೇಲಿಯಾದ ಸಿಡ್ನಿ ಸುತ್ತಮುತ್ತ ತೇವದ ನೆಲದಲ್ಲಿ ಬಿಲ ಮಾಡಿಕೊಂಡು ಬದುಕುವ ಹೊಳೆವ ಕಪ್ಪು ಜೇಡ. ವೈಜ್ಞಾನಿಕ ಹೆಸರು ಏಟ್ರಾಕ್ಸ್ ರೋಬಸ್ಟಸ್. ಹೆಣ್ಣು ಬಿಲ ಬಿಡುವುದು ಕಡಿಮೆ. ಗಂಡು ಹೆಣ್ಣನ್ನು ಹುಡುಕಿಕೊಂಡು ಬೆಚ್ಚಗಿನ ತಿಂಗಳುಗಳಲ್ಲಿ ರಾತ್ರಿ ಅಲೆಯುತ್ತದೆ. ಹಾಗೆ ಅಲೆಯುತ್ತ ಬಾಗಿಲ ಬಳಿ ಬಿಟ್ಟ ಬೂಟಿನೊಳಗೆ, ನೆಲದ ಮೇಲೆ ಬಿದ್ದ ಟವೆಲಿನ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ. ಈಜುಕೊಳದ ತಳದಲ್ಲಿ ಸತ್ತಂತೆ ಬಿದ್ದಿರುವುದು ಗಂಟೆಗಟ್ಟಲೆ ಜೀವಂತವಾಗಿರಬಲ್ಲದು. ಅದನ್ನು ಬರಿಗೈಯಲ್ಲಿ ಎತ್ತಲೇಬಾರದು.

ಗಂಡಿನ ವಿಷವೇ ಹೆಚ್ಚು ಅಪಾಯಕಾರಿ. ಅದು ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಗೊಡುವುದಿಲ್ಲ. ನರಗಳು ಬಿಡುವಿಲ್ಲದೆ ಮಿಡಿಯುತ್ತವೆ. ಬಾಯಿಯ ಸುತ್ತ ಜುಮುಜುಮು, ನಾಲಗೆಯ ಅದುರು, ಜೊಲ್ಲು, ಕಣ್ಣೀರು, ಬೆವರು, ಕೊನೆಗೆ ಉಸಿರಾಟಕ್ಕೇ ಸಂಚಕಾರ. ನಾಯಿ, ಬೆಕ್ಕು, ಮೊಲಗಳು ಈ ವಿಷವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಮನುಷ್ಯ ಮತ್ತು ಕೋತಿ ತಾಳಲಾರವು.

ಕಚ್ಚಿಸಿಕೊಂಡವರನ್ನು ಇದ್ದಲ್ಲೇ ಕೂರಿಸಿ ಅಥವಾ ಮಲಗಿಸಿ ಆಸ್ಟ್ರೇಲಿಯಾದ ತುರ್ತು ಸಂಖ್ಯೆ 000ಗೆ ಕರೆ ಮಾಡಬೇಕು. ಒಂದು ಹೆಜ್ಜೆಯನ್ನೂ ನಡೆಸಬಾರದು. ವಿಷ ಮುಖ್ಯವಾಗಿ ದುಗ್ಧರಸ ನಾಳಗಳ ಮೂಲಕ ಹರಡುತ್ತದೆ, ಸ್ನಾಯು ಆಡಿದಷ್ಟೂ ಅದಕ್ಕೆ ವೇಗ. ಕೈ ಅಥವಾ ಕಾಲಿಗೆ ಕಚ್ಚಿದ್ದರೆ 10–15 ಸೆಂ.ಮೀ. ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಮೊದಲು ಗಾಯದ ಮೇಲೆ ಸುತ್ತಿ, ಆಮೇಲೆ ಬೆರಳುಗಳ ಕಡೆಯಿಂದ ಮೇಲಕ್ಕೆ ಇಡೀ ಅಂಗಕ್ಕೆ ಸುತ್ತಬೇಕು. ಉಳುಕಿದ ಪಾದಕ್ಕೆ ಸುತ್ತುವಷ್ಟು ಬಿಗಿ ಸಾಕು. ಉಗುರನ್ನು ಒತ್ತಿ ಬಿಟ್ಟರೆ ಮತ್ತೆ ಕೆಂಪೇರಬೇಕು; ಬಿಳಿಚಿಕೊಂಡೇ ಉಳಿದರೆ ಬಿಗಿ ಹೆಚ್ಚಾಯಿತು. ನಂತರ ದಬ್ಬೆ ಕಟ್ಟಿ ಅಂಗ ಅಲುಗದಂತೆ ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದಾಗ ಗಾಯದ ಮೇಲ್ಗಡೆ ಹಗ್ಗ ಬಿಗಿಯುವ ರೂಢಿಗೂ ಇದಕ್ಕೂ ಸಂಬಂಧವಿಲ್ಲ. ಹಗ್ಗ ರಕ್ತವನ್ನು ತಡೆಯುತ್ತದೆ, ಕೊಯ್ಯುವುದು ಮತ್ತು ಹೀರುವುದು ಗಾಯವನ್ನು ಕೆಡಿಸುತ್ತವೆ. ಆಸ್ಪತ್ರೆಯಲ್ಲಿ ವೈದ್ಯರು ಹೇಳುವವರೆಗೆ ಬ್ಯಾಂಡೇಜ್ ಬಿಚ್ಚಬಾರದು.

ಈ ವಿಧಾನವನ್ನು 1970ರ ದಶಕದ ಕೊನೆಯಲ್ಲಿ ರೂಪಿಸಿದವರು ಮೆಲ್ಬರ್ನ್‌ನ ಕಾಮನ್‌ವೆಲ್ತ್ ಸೀರಮ್ ಲ್ಯಾಬೊರೇಟರೀಸ್‌ನ ಸ್ಟ್ರುವನ್ ಸದರ್ಲೆಂಡ್. ಪ್ರತಿವಿಷವೂ ಅವರ ತಂಡದ್ದೇ. ಅದು 1981ರಲ್ಲಿ ಬಳಕೆಗೆ ಬಂತು. ಅದಕ್ಕೂ ಮೊದಲು 13 ಸಾವುಗಳು ದಾಖಲಾಗಿದ್ದವು, ಆಮೇಲೆ ದೃಢಪಟ್ಟ ಸಾವು ಒಂದೂ ಇಲ್ಲ. ಸಿಡ್ನಿಯ ಉತ್ತರಕ್ಕಿರುವ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್‌ನಲ್ಲಿ, ಜನ ಹಿಡಿದು ತಂದುಕೊಟ್ಟ ಗಂಡು ಜೇಡಗಳ ಹಲ್ಲಿನ ತುದಿಯಿಂದ ವಿಷವನ್ನು ಹನಿಹನಿಯಾಗಿ ಹೀರಿ ತೆಗೆಯುತ್ತಾರೆ; ಅದನ್ನು ಮೊಲಗಳಿಗೆ ಚುಚ್ಚಿ ಪ್ರತಿವಿಷ ತಯಾರಾಗುತ್ತದೆ.

ಅದೇ ದೇಶದ ರೆಡ್‌ಬ್ಯಾಕ್ ಜೇಡಕ್ಕೆ ಈ ಬ್ಯಾಂಡೇಜ್ ಸಲ್ಲದು. ಅದರ ವಿಷ ನಿಧಾನವಾಗಿ ಏರುತ್ತದೆ, ಬಿಗಿದರೆ ನೋವು ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ವೈದ್ಯರಲ್ಲಿಗೆ ಹೋಗಬೇಕು. ಸಿಡ್ನಿ ಸುತ್ತಿನಲ್ಲಿ ಕಚ್ಚಿದ್ದು ದೊಡ್ಡ ಕಪ್ಪು ಜೇಡ, ಯಾವುದೆಂದು ತಿಳಿಯದು ಎಂದಾದರೆ ಫನೆಲ್‌ವೆಬ್ ಎಂದೇ ಬಗೆದು ಬ್ಯಾಂಡೇಜ್ ಸುತ್ತಬೇಕು.